ಸುಂಕಲಮ್ಮನಿಗೊಂದು ಬೀಟೆ ಕುರ್ಚಿ

ತೊಗರ್ಸಿಯ ಸುಂಕಲಮ್ಮ ಆಳು ಪುಟ್ಟದು, ಬಾಯಿ ದೊಡ್ಡದು. ಪಡಸಾಲೆಯಲ್ಲಿ ಮಣೆ ಹಾಕಿಕೊಂಡು ಮೊರ ಹಿಡಿದು ಕೂತಳೆಂದರೆ ಬೀದಿಯಲ್ಲಿ ಯಾರೂ ಅವಳನ್ನು ಮಾತಾಡಿಸದೆ ಮುಂದೆ ಹೋಗುವಂತಿರಲಿಲ್ಲ. ಯಾರ ಎಮ್ಮೆ ಈದಿತು, ಯಾರ ಮಗಳು ಮುನಿಸಿಕೊಂಡು ತವರಿಗೆ ಬಂದಳು, ಎಲ್ಲ ಸುದ್ದಿಯೂ ಮೊದಲು ಆ ಮಣೆಯ ಹತ್ತಿರ ಹಾಜರಿ ಹಾಕಬೇಕು. ಅಂಥವಳು ದೀಪಾವಳಿ ಕಳೆದ ಮೇಲೆ ಒಳಕೋಣೆಯ ಮಂಚ ಹಿಡಿದಳು. ಮಂಡಿ ಕೈಕೊಟ್ಟಿದ್ದವು. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು, ಆ ನಾಚಿಕೆಯನ್ನು ಅವಳು ಜಪ್ಪಯ್ಯ ಅಂದರೂ ಒಪ್ಪಳು.

"ಮಂಚನೇ ಪಡಸಾಲಿಗೆ ಹಾಕ್ತೀನಿ ಬಿಡವ್ವ," ಅಂದ ಮಗ ಜಯಪ್ಪ.

"ಮಂಚ ಹೊರಗ ಬಂತಂದ್ರೆ ಜನ ಮಾತಾಡಾಕೆ ಬರಲ್ಲ, ಕಾಯ್ಲೆ ನೋಡಾಕೆ ಬರ್ತಾರೆ. ಬಾಳೆಹಣ್ಣು ಹಿಡ್ಕಂಡು," ಅಂದವಳೇ ಸುಂಕಲಮ್ಮ ಗೋಡೆಯ ಕಡೆ ತಿರುಗಿಬಿಟ್ಟಳು.

ಸೊಸೆ ಹೂವಮ್ಮನಿಗೆ ಮನೆ ಬಿಕೋ ಅನ್ನತೊಡಗಿತು. ಅತ್ತೆಯ ಬಾಯಿಗೆ ಹೆದರಿ ಬದುಕಿದವಳೇ ಅವಳು, ಸುಳ್ಳೇಕೆ ಹೇಳಬೇಕು. ಆದರೆ ಆ ಬಾಯಿ ಸುಮ್ಮನಾದ ಮೇಲೆ ಅನ್ನ ಕುದಿಯುವ ಸದ್ದು ಕೂಡ ದೊಡ್ಡದಾಗಿ ಕೇಳುತ್ತಿತ್ತು. ಹೇಗಾದರೂ ಮಾಡಿ ಅತ್ತೆಯನ್ನು ಮತ್ತೆ ಪಡಸಾಲೆಯಲ್ಲಿ ಕೂರಿಸಬೇಕು. ಅವಳಿಗೆ ಅದೊಂದೇ ಯೋಚನೆ.

ಅಷ್ಟರಲ್ಲಿ ಸೊರಬದಿಂದ ಸುದ್ದಿ ಬಂತು. ಆಗೆಲ್ಲ ಬಂಗಲೆಗಳಿಗೆ, ಕಚೇರಿಗಳಿಗೆ ಮಡಚುವ ಕಬ್ಬಿಣದ ಕುರ್ಚಿಗಳು ಬರುತ್ತಿದ್ದ ಕಾಲ. ಬೇಡವಾದ ಹಳೆಯ ಮರದ ಕುರ್ಚಿಗಳನ್ನೆಲ್ಲ ಪರಮಶಿವಪ್ಪ ಅನ್ನುವವನು ಕೊಂಡು ತಂದು ಅಕ್ಕಿ ಗಿರಣಿಯ ಹಿಂದಿನ ಗೋದಾಮಿನಲ್ಲಿ ತುಂಬಿದ್ದನಂತೆ.

"ತರಾದಾದ್ರೆ ಹೊಸಾದೇ ತರಾಣ, ಕಬ್ಬಿಣದ್ದು," ಅಂದ ಜಯಪ್ಪ.

"ಅತ್ತೆವ್ವ ಕುಂತಾಗ ಅದು ಮಡಚ್ಕಂಡ್ರೆ ನೀವು ಜವಾಬ್ದಾರೀನಾ?" ಅಂದಳು ಹೂವಮ್ಮ. ಅವನು ಅವಳ ಹಿಂದೆಯೇ ಸೊರಬದ ಬಸ್ಸು ಹತ್ತಿದ.

ಗಿರಣಿ ತಲುಪಿದ್ದೇ ತಡ, ಜಯಪ್ಪ ಭತ್ತದ ಮಾತಿಗೆ ಸಿಕ್ಕಿಹಾಕಿಕೊಂಡ. ಹೂವಮ್ಮ ಒಬ್ಬಳೇ ಗೋದಾಮಿನೊಳಗೆ ಕಾಲಿಟ್ಟಳು. ಮುರಿದ ಹೆಂಚಿನ ಸಂದಿಯಿಂದ ಬಿಸಿಲು ಕೋಲಾಗಿ ಇಳಿದಿತ್ತು, ತೌಡಿನ ಧೂಳು ಅದರಲ್ಲಿ ಮೆಲ್ಲಗೆ ತೇಲುತ್ತಿತ್ತು. ಆ ಮಬ್ಬಿನೊಳಗೆ ಕುರ್ಚಿಗಳು, ಸಾಲುಸಾಲು. ಕೈ ಉದ್ದಕ್ಕೆ ಚಾಚಿದ ಆರಾಮ ಕುರ್ಚಿ, ಬೆತ್ತ ಹರಿದು ಜೋತ ಕುರ್ಚಿ, ಸರಪಳಿ ಕಳಚಿದ ಉಯ್ಯಾಲೆ ಹಲಗೆ, ಯಾವುದೋ ಬಾಗಿಲಲ್ಲಿ ಕಾದು ಕಾದು ನುಣುಪಾದ ಬೆಂಚು. ಗಿರಣಿಯ ಸದ್ದು ಗೋಡೆಯಾಚೆ ಜೋಗುಳದ ಹಾಗೆ ಒಂದೇ ಸಮನೆ ಕೇಳುತ್ತಿತ್ತು. ಹೂವಮ್ಮನಿಗೆ ತಾನು ಕುರ್ಚಿ ಕೊಳ್ಳಲು ಬಂದಿದ್ದೇ ಮರೆತುಹೋಯಿತು. ಎದ್ದುಹೋದವರೆಲ್ಲ ಈಗ ಬಂದು ಕೂರುತ್ತಾರೆ, ಒಬ್ಬರು ಎಲೆ ಅಡಿಕೆ ಕೇಳುತ್ತಾರೆ, ಇನ್ನೊಬ್ಬರು ಕೂತಲ್ಲೇ ತೂಕಡಿಸುತ್ತಾರೆ ಅನ್ನಿಸಿತು. ಒಂದೊಂದು ಕುರ್ಚಿಯಲ್ಲೂ ಅತ್ತೆಯನ್ನು ಕೂರಿಸಿ ನೋಡಿದಳು, ಮನಸ್ಸಿನಲ್ಲೇ. ಆರಾಮ ಕುರ್ಚಿಯಲ್ಲಿ ಅತ್ತೆ ಕಳೆದೇ ಹೋದಳು. ಬೆಂಚಿನ ಮೇಲೆ ಕೂತು, ಒರಗಲು ಏನೂ ಇಲ್ಲವೆಂದು ಬೈದಳು.

ಮೂಲೆಯಲ್ಲಿತ್ತು ಆ ಬೀಟೆ ಕುರ್ಚಿ. ಕಪ್ಪು ಮರ, ಬೆನ್ನಿಗೆ ಹೊಸ ಬೆತ್ತ. ಕೈಗಳ ತುದಿ ಯಾರದೋ ಅಂಗೈ ತಾಗಿ ತಾಗಿ ಸವೆದು ಮಿರುಗುತ್ತಿತ್ತು. ಹೂವಮ್ಮ ಆ ಸವೆದ ಜಾಗದ ಮೇಲೆ ತನ್ನ ಕೈಯಿಟ್ಟಳು, ತೆಗೆಯಲು ಮನಸ್ಸಾಗಲಿಲ್ಲ.

"ಕೂತು ನೋಡು ತಂಗಿ. ಕುರ್ಚಿ ಕಣ್ಣಲ್ಲಿ ನೋಡದಲ್ಲ," ಅಂದ ಪರಮಶಿವಪ್ಪ, ಬಾಗಿಲಲ್ಲಿ ನಿಂತು.

"ಹಂಗೆಲ್ಲ ಕೂರಾಂಗಿಲ್ರಿ," ಅಂದಳು ಹೂವಮ್ಮ.

ಅವರ ಮನೆಯ ಕಟ್ಟುಪಾಡು ಅದು. ಮಣೆಯಾಗಲಿ ಮಂಚವಾಗಲಿ, ಮನೆಗೆ ಹೊಸದಾಗಿ ಬಂದದ್ದಕ್ಕೆ ಅರಿಶಿನ ಕುಂಕುಮ ಹಚ್ಚಿ ಮೊದಲು ಹಿರಿಯರು ಕೂರಬೇಕು. ಕಿರಿಯರು ಮುಂಚೆ ಕೂತರೆ ಹಿರಿಯರ ಜಾಗ ಕಿತ್ತುಕೊಂಡ ಹಾಗೆ. ಹಾಗಾಗಿ ಹೂವಮ್ಮ ಕುರ್ಚಿಗೆ ತಾಗಿ ನಿಂತು ನೋಡಿದಳು. ಅಂಚು ಅವಳ ಮೊಣಕಾಲಿನ ಮಡಿಕೆಗೆ ಸರಿಯಾಗಿ ಬಂತು. ಸಾಕಲ್ಲ, ಇದಕ್ಕಿಂತ ಬೇರೆ ಅಳತೆ ಬೇಕೇ ಅಂದುಕೊಂಡಳು. ಹೊಟ್ಟೆಯೊಳಗೆ ಹಾಲು ಹೊಯ್ದಷ್ಟು ಹಿತವಾಯಿತು ಅವಳಿಗೆ.

ಬಸ್ಸಿನ ನೆತ್ತಿಯ ಮೇಲೆ ಕುರ್ಚಿ ಊರಿಗೆ ಬಂತು. ದಾರಿಯುದ್ದಕ್ಕೂ ಹೂವಮ್ಮ ಕಿಟಕಿಯಿಂದ ರಸ್ತೆಯ ಮೇಲಿನ ನೆರಳು ನೋಡುತ್ತಿದ್ದಳು. ಬಸ್ಸಿನ ನೆರಳಿನ ಮೇಲೊಂದು ಕುರ್ಚಿಯ ನೆರಳು, ಗದ್ದೆ ಹಾರಿ, ಕೆರೆಯ ಏರಿ ಹತ್ತಿ ಇಳಿದು, ಅವಳ ಜೊತೆಜೊತೆಗೇ ಬರುತ್ತಿತ್ತು. ಅದರಲ್ಲಿ ಯಾರೋ ಕೂತ ಹಾಗೂ ಕಂಡಿತು. ಅತ್ತೆಯೇ ಇರಬೇಕು ಅಂದುಕೊಂಡಳು.

ಮರುದಿನ ಪಡಸಾಲೆಯಲ್ಲಿ ಕುರ್ಚಿಯಿಟ್ಟು ಪೂಜೆ ಮಾಡಿದ್ದಾಯಿತು. ಜಯಪ್ಪ ಅವ್ವನನ್ನು ಕೈಹಿಡಿದು ಕರೆತಂದು ಕೂರಿಸಿದ. ಸುಂಕಲಮ್ಮ ಕೂತಳು. ಕೂತರೆ, ಕಾಲು ನೆಲಕ್ಕೆ ಮುಟ್ಟಲಿಲ್ಲ. ಎರಡೂ ಪಾದ ಗಾಳಿಯಲ್ಲಿ ನೇತಾಡತೊಡಗಿದವು. ಅವಳು ಒಮ್ಮೆ ತನ್ನ ಕಾಲು ನೋಡಿಕೊಂಡಳು, ಒಮ್ಮೆ ಬೀದಿ ನೋಡಿದಳು.

"ಊರೋರು ನಗಾಕೆ ಇಷ್ಟು ಸಾಕು. ಇಳಸು ನನ್ನ," ಅಂದಳು. ಇಳಿದು ಗೋಡೆ ಹಿಡಿದು ನಿಂತು, "ಜಯಪ್ಪ, ಗರಗಸ ತಗಂಬಾ. ಕಾಲು ಕೊಯ್ದು ಗಿಡ್ಡ ಮಾಡು," ಅಂದಳು.

"ಬ್ಯಾಡ್ರಿ ಅತ್ತೆವ್ವ."

ಮಾತು ಹೂವಮ್ಮನ ಬಾಯಿಂದ ಜಾರಿಯೇಹೋಯಿತು. ಅತ್ತೆಗೆಂದು ತಂದ ಕುರ್ಚಿಯ ಕಾಲು ಕೊಯ್ದರೆ ತನಗೇಕೆ ಸಂಕಟವಾಗಬೇಕು? ಗೋದಾಮಿನ ಬಿಸಿಲಿನಲ್ಲಿ ಆ ಸವೆದ ಮರದ ಮೇಲಿದ್ದದ್ದು ತನ್ನ ಕೈ, ಅಳತೆ ಕೊಟ್ಟದ್ದು ತನ್ನ ಕಾಲು. ರಸ್ತೆಯ ಮೇಲಿನ ನೆರಳಿನಲ್ಲಿ ಕೂತಿದ್ದವಳೂ ತಾನೇ. ಈಗ ಗೊತ್ತಾಯಿತು ಅವಳಿಗೆ, ನಾಚಿಕೆಯಾಯಿತು.

ಜಯಪ್ಪ ಗರಗಸ ಹಿಡಿದು ಬಂದು ನಿಂತ. ಸುಂಕಲಮ್ಮ ಸೊಸೆಯ ಮುಖವನ್ನೇ ನೋಡುತ್ತಿದ್ದಳು.

"ಹೂವಿ, ಕುಂತ್ಕ."

"ನಾನಾ? ನಿಮ್ಮೆದುರಿಗೆ ಹೆಂಗ್ರಿ?"

"ನಾ ಮೊದ್ಲು ಕುಂತಾತಲ್ಲ. ಕುಂತ್ಕ ಅಂದೆ."

ಹೂವಮ್ಮ ಸೆರಗು ಬಿಗಿಹಿಡಿದು ಕೂತಳು. ಪಾದ ನೆಲದ ಮೇಲೆ ಸಮನಾಗಿ ಊರಿತು. ಬೆನ್ನು ಬೆತ್ತಕ್ಕೆ ಒರಗಿತು. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ಅವಳ ಬೆನ್ನು ಹಗಲು ಹೊತ್ತಿನಲ್ಲಿ ಒರಗಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು.

"ಯಾರ ಕಾಲಿಗೆ ಅಳತಿ ತಗಂಡಿದ್ದಿ?"

"ತಪ್ಪಾತ್ರಿ. ನಂದಕ್ಕೇ."

ಸುಂಕಲಮ್ಮ ಮಗನ ಕಡೆ ತಿರುಗಿ, "ಗರಗಸ ಒಳಗಿಡು," ಅಂದಳು. ಹೂ ಕಟ್ಟುವ ಬಾಳೆನಾರು ತರಿಸಿ, ತನ್ನ ಅಂಗಾಲಿನಿಂದ ಮೊಣಕಾಲಿನ ಮಡಿಕೆಯವರೆಗೆ ಜಯಪ್ಪನಿಂದಲೇ ಅಳೆಸಿ ಗಂಟು ಹಾಕಿಸಿದಳು.

"ನಾಳೆ ಈ ನಾರು ತಗಂಡು ತಿರುಗಿ ಸೊರಬಕ್ಕೆ ಹೋಗ್ರಿ. ಈ ಕುರ್ಚಿ ಹೂವೀದಾತು. ನಂದು ಬಂದ್ಮ್ಯಾಲೆ ಎಲ್ಡೂ ಎದ್ರುಬದ್ರು ಹಾಕು. ನಾನೊಬ್ಳೇ ಇಲ್ಲಿ ಕುಂತು ಯಾರ್ನ ಬೈಲಿ?"

ಹೂವಮ್ಮ ಎದ್ದಳು. "ಅಲ್ಲೀತಂಕ ಇದ್ರಾಗೇ ಕೂರ್ರಿ ಅತ್ತೆವ್ವ," ಅಂದು ಕೈಹಿಡಿದು ಕೂರಿಸಿ, ತಾನು ಕೆಳಗೆ ಕೂತು, ನೇತಾಡುವ ಆ ಪುಟ್ಟ ಪಾದಗಳನ್ನು ತನ್ನ ಮಡಿಲಿಗೆ ಎತ್ತಿಟ್ಟುಕೊಂಡಳು. ಸುಂಕಲಮ್ಮ ಕಾಲು ಎಳೆದುಕೊಳ್ಳಲಿಲ್ಲ.

ಬೀದಿಯಲ್ಲಿ ಪಕ್ಕದ ಮನೆಯ ನಿಂಗಮ್ಮ ಕೊಡ ಹೊತ್ತು ತಲೆತಗ್ಗಿಸಿ ಹೋಗುತ್ತಿದ್ದಳು.

"ಏ ನಿಂಗಮ್ಮ," ಅಂತ ಕೂಗಿದಳು ಸುಂಕಲಮ್ಮ, "ಮಾತಾಡಸ್ದೆ ಹೋಗ್ತೀಯಲ್ಲ, ಒಳಗ ಸತ್ತೀನಿ ಅಂದ್ಕಂಡ್ಯಾ?"