ಗಾಳಿಪ್ರೆಸ್ಸು

"ಏನೇ ಮುಂಡೆ, ಕೆಲಸ ಮಾಡಕ್ಕೆ ಬಂದಿದೀಯೋ, ಗಾಳಿ ಕುಡಿಯಕ್ಕೆ ಬಂದಿದೀಯೋ? ಎಳಿಯೇ ಹಿಡೀನ!"

ಕೃಷ್ಣಸ್ವಾಮಿ ಗಲ್ಲಾದ ಮೇಲೆ ಕೂತೇ ಕೂಗಿದ. ಗಂಗಲಕ್ಷ್ಮಮ್ಮ ತಿರುಗಿ ನೋಡಲಿಲ್ಲ. ಗಾಳಿ ಟ್ಯಾಂಕಿನ ಮೇಲಿನ ಮುಳ್ಳು ಕೆಂಪು ಗೆರೆ ಮುಟ್ಟುವ ಮೊದಲೇ ಹಿಡಿ ಎಳೆದರೆ ಡಬ್ಬ ಅರ್ಧ ನೆಗ್ಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಸಲಾಕೆ ಹಾಕಿ ಕೀಳುವವಳು ಅವಳೇ ಹೊರತು ಕೃಷ್ಣಸ್ವಾಮಿಯಲ್ಲ. ಮುಳ್ಳು ಕೆಂಪಿಗೆ ಬಂತು. ಹಿಡಿ ಎಳೆದಳು. ಸ್ಸ್ ಎಂದು ಗಾಳಿ ನುಗ್ಗಿ, ಮೇಲಿನ ದಪ್ಪ ಕಬ್ಬಿಣದ ಹಲಗೆ ಧಡಕ್ಕನೆ ಇಳಿದು, ಹದಿನೈದು ಕೇಜಿ ಎಣ್ಣೆ ಹಿಡಿದಿದ್ದ ಡಬ್ಬ ರೊಟ್ಟಿಯಾಯಿತು.

ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಆ ಗುಜರಿ ಅಂಗಡಿಗೆ ಈ ಗಾಳಿಪ್ರೆಸ್ಸು ಬಂದು ನಾಲ್ಕು ತಿಂಗಳಾಗಿತ್ತು. ಯಾವುದೋ ಫ್ಯಾಕ್ಟರಿಯ ಹರಾಜಿನಲ್ಲಿ ಹಿಡಿದ ಮಾಲು. ಕೃಷ್ಣಸ್ವಾಮಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಅದೇ ಮಧ್ಯಾಹ್ನ ಚಾಂದ್ ಪಾಷಾನನ್ನು ಕರೆದು "ನಾಳೆಯಿಂದ ಬರಬೇಡ" ಅಂದಿದ್ದ. ಹನ್ನೆರಡು ವರ್ಷ ಆ ಅಂಗಳದಲ್ಲಿ ಸುತ್ತಿಗೆ ಹಿಡಿದು ಡಬ್ಬ ತಟ್ಟಿದವನು ಚಾಂದ್ ಪಾಷಾ. ಹಿಡಿ ಎಳೆಯುವುದಕ್ಕೆ ಗಂಡಸು ಯಾಕೆ, ಅರ್ಧ ಕೂಲಿಯ ಹೆಂಗಸು ಸಾಕು ಎಂಬುದು ಕೃಷ್ಣಸ್ವಾಮಿಯ ಲೆಕ್ಕ. ಗಾಜು, ರದ್ದಿ ಆರಿಸುತ್ತಿದ್ದ ಗಂಗಲಕ್ಷ್ಮಮ್ಮನನ್ನು ಎಬ್ಬಿಸಿ ಪ್ರೆಸ್ಸಿನ ಮುಂದೆ ನಿಲ್ಲಿಸಿದ.

"ಪಾಷಣ್ಣ ಎಲ್ಲಿಗೋಗ್ಬೇಕು ಸಾಮಿ?" ಎಂದು ಅವಳು ಕೇಳಿದ್ದುಂಟು.

"ಯಾಕೆ, ನಿನ್ ಗುಡಿಸಲಲ್ಲಿ ಜಾಗ ಇಲ್ವಾ? ನಿಂಗೂ ಗಂಡ ಸತ್ತು ಬಾಳ ದಿನ ಆಯ್ತಲ್ಲ, ಕರ್ಕೊಂಡೋಗು."

ಅಂಗಳದಲ್ಲಿದ್ದವರೆಲ್ಲ ನಕ್ಕರು. ಚಾಂದ್ ಪಾಷಾ ಸುತ್ತಿಗೆಯನ್ನು ಗೋಡೆಗೆ ಒರಗಿಸಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಅವಳು ಹಿಡಿಗೆ ಕೈ ಹಾಕಿದಳು. ಹೊಟ್ಟೆಯ ಭಯಕ್ಕೆ ಹಾಕಿದಳು, ಇದಕ್ಕೆ ಬೇರೆ ಬಣ್ಣ ಬಳಿಯಬೇಕಾಗಿಲ್ಲ.

ಇಬ್ಬರದೂ ಒಂದೇ ಕೇರಿಯಾಗಿದ್ದದ್ದೇ ತೊಂದರೆಯಾಯಿತು. ಹಲಸೂರು ದಾಟಿ ಇಂದಿರಾನಗರದ ಹೊಸ ಬಂಗಲೆಗಳ ಬೆನ್ನಿಗೆ ಕಲ್ಲುಗುಂಡಿ ಎಂಬ ಕೇರಿ. ಆ ಬಂಗಲೆಗಳ ಪಾಯಕ್ಕೆ ಬಿದ್ದ ಕಲ್ಲೆಲ್ಲ ಎದ್ದದ್ದು ಆ ಗುಂಡಿಯಿಂದಲೇ. ಗಂಗಲಕ್ಷ್ಮಮ್ಮನ ಗಂಡ ಅಲ್ಲಿಯೇ ಮದ್ದು ಸಿಡಿದು ಸತ್ತ. ಕಲ್ಲು ಮುಗಿದ ಮೇಲೆ ಒಡೆದವರು ಗುಂಡಿಯಲ್ಲಿ ಉಳಿದರು, ಕಲ್ಲು ಮೇಲಕ್ಕೆ ಹೋಗಿ ಮನೆಯಾಯಿತು. ಮನೆ ಕಟ್ಟುವಾಗ ಹಾಕಿದ್ದ ಕೊಳಾಯಿಯೊಂದು ಮೂಲೆಯ ಬಂಗಲೆಯ ಗೇಟಿನ ಪಕ್ಕ ಹಾಗೇ ನಿಂತಿತ್ತು. ಇಡೀ ಕೇರಿಗೆ ನೀರು ಅಂತ ಇದ್ದದ್ದು ಅದೊಂದೇ.

ನೀರು ಬರುವುದು ಸಂಜೆ ನಾಲ್ಕಕ್ಕೆ, ಒಂದು ಗಂಟೆ ಹೊತ್ತು. ಕೂಲಿಗೆ ಹೋಗುವ ಜನ ಬೆಳಗಿನಿಂದ ಸಾಲಿನಲ್ಲಿ ನಿಲ್ಲಲಾಗುತ್ತದೆಯೇ? ಅದಕ್ಕೇ ಡಬ್ಬ ನಿಲ್ಲುತ್ತಿತ್ತು. ಡಬ್ಬ ನಿಂತರೆ ಆಳು ನಿಂತಂತೆ, ಇದು ಕೇರಿಯ ಕಾನೂನು. ಹಿತ್ತಾಳೆ ಬಿಂದಿಗೆಯನ್ನು ಬೀದಿಯಲ್ಲಿ ಬಿಟ್ಟುಹೋಗುವ ಧೈರ್ಯ ಯಾರಿಗೂ ಇಲ್ಲ, ಖಾಲಿ ಎಣ್ಣೆ ಡಬ್ಬವನ್ನು ಯಾವ ಕಳ್ಳ ಮುಟ್ಟುತ್ತಾನೆ? ಒಬ್ಬರ ಡಬ್ಬವನ್ನು ಇನ್ನೊಬ್ಬರು ಸರಿಸುವಂತಿರಲಿಲ್ಲ. ಬಾಣಂತಿ ಇದ್ದ ಮನೆಯ ಡಬ್ಬಕ್ಕೆ ಎಲ್ಲರೂ ಸೇರಿ ಮುಂದೆ ಜಾಗ ಬಿಡುತ್ತಿದ್ದರು. ಅಷ್ಟೂ ಡಬ್ಬಗಳನ್ನು ಗುಜರಿಯಿಂದ ಹೊತ್ತು ತಂದವನು ಚಾಂದ್ ಪಾಷಾ. ಮೇಲಿನ ಮುಚ್ಚಳ ಕತ್ತರಿಸಿ, ಕೈ ಕುಯ್ಯದಿರಲೆಂದು ಅಂಚನ್ನು ಒಳಕ್ಕೆ ಎರಡು ಮಡಿಕೆ ಮಡಚಿ, ಸುತ್ತಿಗೆಯಲ್ಲಿ ನಯವಾಗಿ ತಟ್ಟಿ ಕೊಡುತ್ತಿದ್ದ. ಪ್ರೆಸ್ಸು ಬಂದ ಮೇಲೆ ಗುಜರಿಯಿಂದ ಇಡೀ ಡಬ್ಬ ಹೊರಗೆ ಬರುವುದೇ ನಿಂತಿತು.

ಗಂಗಲಕ್ಷ್ಮಮ್ಮನ ಡಬ್ಬದ ಜಾಗ ಒಂಬತ್ತನೆಯದು, ಅಮ್ಮಣ್ಣಿಯ ಹಿಂದೆ. ಹಿಡಿ ಎಳೆದ ಮೊದಲ ದಿನ ಸಂಜೆ ಬಂದು ನೋಡಿದರೆ ಡಬ್ಬ ಸಾಲಿನ ಬಾಲದಲ್ಲಿತ್ತು. ಯಾರು ಸರಿಸಿದರೆಂದು ಕೇಳಿದಳು. ಎಲ್ಲರೂ ತಂತಮ್ಮ ಡಬ್ಬ ಮುಂದಕ್ಕೆ ಸರಿಸಿಕೊಂಡರು. ಮಾರನೆಯ ದಿನ ಬೆಳಿಗ್ಗೆ ತಂದು ಒಂಬತ್ತರಲ್ಲಿಟ್ಟಳು, ಸಂಜೆಗೆ ಮತ್ತೆ ಬಾಲಕ್ಕೆ ಹೋಗಿತ್ತು. ಅವಳ ಸರದಿ ಬರುವಷ್ಟರಲ್ಲಿ ನೀರು ನಿಂತು ಕೊಳಾಯಿ ಬರೀ ಸ್ಸ್ ಎನ್ನುತ್ತಿತ್ತು.

"ಹಿಡ್ಕೊಳೇ ಗಾಳಿ ಗಂಗಿ, ಗಾಳಿ ಹಿಡ್ಕೊ!" ಎಂದಳು ಅಮ್ಮಣ್ಣಿ. "ನಿಂಗೆ ಅನ್ನ ಹಾಕೋದು ಅದೇ ಅಲ್ವಾ?"

"ಅಮ್ಮಣ್ಣಿ, ನಾನೇನು ಬೇಕೂಂತ ಮಾಡಿದ್ನೇನೇ?"

"ಇನ್ನೊಬ್ರ ಅನ್ನದ ತಟ್ಟೇಗೆ ಕೈ ಹಾಕಿ ಸುಮ್ನೆ ಇರ್ತೀನಿ ಅಂದ್ಕೊಂಡಿದ್ಯಾ? ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಬಾ, ದಿನಾ ಬಾ. ಬಾಲಕ್ಕೆ ಬಾ."

ಗಾಳಿ ಸೋಕಿದವಳೆಂದು ಮಕ್ಕಳೂ ದೂರ ಸರಿಯತೊಡಗಿದವು. ಒಲೆಗೆ ಕೆಂಡ ಕೇಳುವಂತಿಲ್ಲ, ಜ್ವರ ಬಂದರೆ ಹಣೆ ಮುಟ್ಟುವವರಿಲ್ಲ. ಶಿವಾಜಿನಗರದಿಂದ ಬರುವಾಗ ಗುಜರಿಯ ತೊಟ್ಟಿಯ ನೀರನ್ನು ಸೀಸೆಯಲ್ಲಿ ತುಂಬಿ ತಂದು ಮುದ್ದೆ ತಿರುವುತ್ತಿದ್ದಳು. ಬೈದರೂ ಸರಿಯೇ, ಯಾರಾದರೂ ಮಾತಾಡಲಿ ಅನ್ನಿಸುತ್ತಿತ್ತು. ಅವಳಿಗೆ ಬೇಕಾದದ್ದು ನೀರಿಗಿಂತ ಹೆಚ್ಚಾಗಿ ಆ ಒಂಬತ್ತನೆಯ ಜಾಗ. ಅದಕ್ಕೇ ಪ್ರತಿ ಬೆಳಿಗ್ಗೆ, ಸರಿಸುತ್ತಾರೆಂದು ಗೊತ್ತಿದ್ದೂ, ಡಬ್ಬವನ್ನು ಇಟ್ಟೇ ಕೆಲಸಕ್ಕೆ ಹೋಗುತ್ತಿದ್ದಳು.

ಒಂದು ಶುಕ್ರವಾರ ಮಧ್ಯಾಹ್ನ ಗುಜರಿಯ ಬಾಗಿಲಿಗೆ ತಳ್ಳುಗಾಡಿ ಬಂತು. ಮೇಲೆ ಹಗ್ಗ ಬಿಗಿದು ಡಬ್ಬಗಳ ರಾಶಿ. ಹಿಂದೆಯೇ ಸ್ಕೂಟರಿನಲ್ಲಿ ಮೂಲೆಯ ಬಂಗಲೆಯ ಶ್ರೀನಿವಾಸಮೂರ್ತಿ ಬಂದಿಳಿದರು. ವಿಮೆ ಆಫೀಸಿನಲ್ಲಿ ದೊಡ್ಡ ಹುದ್ದೆ, ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿ.

"ಕಳೆದ ಸಲ ಸುಮ್ನೆ ಕೆರೆ ಹತ್ರ ಎಸೆಸಿಬಿಟ್ಟೆ ಕಣ್ರೀ. ಸಾಯಂಕಾಲದೊಳಗೆ ಎಲ್ಲಾ ವಾಪಸ್ ಬಂದು ಗೇಟ್ ಮುಂದೆ ಕೂತಿದ್ವು. ಅದಕ್ಕೇ ಈ ಸಲ ನಾನೇ ಬಂದೆ. ನನ್ನ ಕಣ್ಣೆದುರಿಗೇ ಚಪ್ಪಟೆ ಆಗ್ಬೇಕು."

"ಅದಕ್ಕೇನ್ ಸಾರ್, ಅರ್ಧ ಗಂಟೆ," ಎಂದ ಕೃಷ್ಣಸ್ವಾಮಿ.

ಹಗ್ಗ ಬಿಚ್ಚಿದಾಗ ಗಂಗಲಕ್ಷ್ಮಮ್ಮ ಒಂದೊಂದನ್ನೂ ಗುರುತಿಸಿದಳು. ಕೆಂಪು ಬಣ್ಣದ ಚುಕ್ಕೆ ಇಟ್ಟದ್ದು ಅಮ್ಮಣ್ಣಿಯದು. ಹಿಡಿದೆತ್ತಲು ಬೇವಿನ ಅಡ್ಡಪಟ್ಟಿ ಬಡಿದದ್ದು ಮುನಿಆಂಜನಪ್ಪನದು. ಮೊಳೆಯಿಂದ ತೂತು ಹೊಡೆದು ಮಗ ಅನೀಸನ ಹೆಸರು ಬರೆಸಿದ್ದು ಚಾಂದ್ ಪಾಷಾನದು. ಇಡೀ ಕಲ್ಲುಗುಂಡಿ ಬಂದು ಅವಳ ಮುಂದೆ ಬಾಯಿ ತೆರೆದು ಕೂತಿತ್ತು.

"ಸಾಮಿ, ಇವು ಗುಜರಿ ಮಾಲಲ್ಲ. ಜನ ನೀರು ಹಿಡಿಯೋ ಡಬ್ಬ."

"ನಿನ್ನಪ್ಪನ ಮನೇದಾ?" ಕೃಷ್ಣಸ್ವಾಮಿ ಎದ್ದು ನಿಂತ. "ಎಳಿಯೇ, ಬೇವರ್ಸಿ! ಆಗಲ್ಲ ಅಂದ್ರೆ ಈಗ್ಲೇ ಎದ್ದೋಗು, ಹತ್ತು ಜನ ಕಾಯ್ತವ್ರೆ."

ಶ್ರೀನಿವಾಸಮೂರ್ತಿಗಳು ತಡೆದರು. ಅವರು ಕೆಟ್ಟ ಮಾತು ಕೇಳುವವರಲ್ಲ. "ಇರಲಿ ಬಿಡ್ರೀ, ಪಾಪ. ನೋಡಮ್ಮ, ನಿನ್ನ ಹಾಗೆ ದುಡಿದು ತಿನ್ನೋರಲ್ಲ ಅವರು. ಶಿಸ್ತಿಲ್ಲ, ನೀಟಿಲ್ಲ. ಮನೆಗೆ ನೆಂಟರು ಬಂದ್ರೆ ಈ ದರಿದ್ರದ ಸಾಲು ನೋಡಿ ಮುಖ ಸಿಂಡರಿಸ್ತಾರೆ. ನಿನ್ನಂಥೋಳಿಗೆ ಆ ಜನದ ವಿಷಯ ಗೊತ್ತಾಗಲ್ಲ."

ಐದು ವರ್ಷ ದಿನಾ ಅವರ ಗೇಟಿನ ಮುಂದೆ ಬಗ್ಗಿ ಡಬ್ಬ ಇಟ್ಟವಳನ್ನು ಆ ಮನುಷ್ಯ ಗುರುತಿಸಲಿಲ್ಲ. ನಾನೂ ಆ ಜನವೇ ಎಂದು ಹೇಳಬೇಕೆಂದು ಬಾಯಿ ತೆರೆದಳು. ಹತ್ತು ಜನ ಕಾಯುತ್ತಿದ್ದಾರೆ ಎಂಬ ಮಾತು ನೆನಪಾಯಿತು.

ಹಿಡಿ ಎಳೆದಳು.

ಒಂದೇಟಿಗೆ ಆಗಲಿಲ್ಲ. ಬೇರೆ ಡಬ್ಬಗಳು ಒಂದೇ ಸಲಕ್ಕೆ ಮಲಗುತ್ತಿದ್ದವು, ಇವುಗಳ ಮಡಚಿದ ಅಂಚು ಹಲಗೆಗೆ ಎದುರು ನಿಂತಿತು. ಗಾಳಿ ಬಿಟ್ಟು, ಮುಳ್ಳು ಏರುವ ತನಕ ಕಾದು, ಮತ್ತೆ ಎಳೆಯಬೇಕಾಯಿತು. ಒಂದೊಂದಕ್ಕೂ ಎರಡೆರಡು ಸಲ. ಅವಳ ಡಬ್ಬವೂ ಬಂತು, ಅದಕ್ಕೂ ಎರಡು. ಕೊನೆಯದು ಮುಗಿದಾಗ ಶ್ರೀನಿವಾಸಮೂರ್ತಿಗಳು ಅವಳ ಕೈಗೆ ತಾಕದ ಹಾಗೆ ಪ್ರೆಸ್ಸಿನ ಮೇಲೆ ಎಂಟಾಣೆ ಇಟ್ಟು, "ಕಾಫಿ ಕುಡಿಯಮ್ಮ" ಎಂದು ಹೇಳಿ ಸ್ಕೂಟರ್ ಒದ್ದರು.

ಸಂಜೆ ಕೇರಿಗೆ ಕೇರಿಯೇ ಕೊಳಾಯಿಯ ಬಳಿ ಕೂಗಾಡುತ್ತಿತ್ತು. ಯಾವನೋ ಬೋಳಿಮಗ ಡಬ್ಬ ಹೊತ್ಕೊಂಡೋದ ಅಂತ ಒಬ್ಬರು, ಬಂಗಲೆಯೋರೇ ಹೊರಿಸಿದ್ರಂತೆ, ಗಾಡಿ ಹಲಸೂರಿನ ಕಡೆ ಹೋಯ್ತಂತೆ ಅಂತ ಇನ್ನೊಬ್ಬರು. ಸಿಕ್ಕಿದ ತಪ್ಪಲೆ, ಚೊಂಬುಗಳಲ್ಲಿ ಹಿಡಿಯುವಷ್ಟರಲ್ಲಿ ನೀರು ನಿಂತುಹೋಯಿತು. ಗಂಗಲಕ್ಷ್ಮಮ್ಮ ಆ ಗುಂಪಿನ ಹಿಂದೆ ನಿಂತು ಹೇಳಲು ನೋಡಿದಳು, ಆಮೇಲೆ ಹಿಂದೆ ಸರಿದಳು. ಗುಡಿಸಲಿಗೆ ಹೋಗಿ ಬಾಗಿಲೆಳೆದುಕೊಂಡಳು. ಅತ್ತು ಹಗುರಾಗೋಣವೆಂದರೆ, ಯಾಕೆ ಅಳುತ್ತೀಯೆ ಎಂದು ಕೇಳುವವರೊಬ್ಬರಾದರೂ ಬೇಡವೇ? ಎಂಟಾಣೆಯನ್ನು ಗುಜರಿಯಲ್ಲೇ ಬಿಟ್ಟುಬಂದಿದ್ದಳು.

ಶನಿವಾರ ಬೆಳಿಗ್ಗೆ ಅವಳು ಶಿವಾಜಿನಗರಕ್ಕೆ ಹೋಗಲಿಲ್ಲ. ಬರಿಗೈಲಿ ಹೋಗಿ ಕೊಳಾಯಿಯ ಮುಂದೆ ನಿಂತುಕೊಂಡಳು. ಕೆಲಸ ಹೋಯಿತೆಂದು ಗೊತ್ತಿತ್ತು. ಗಾರೆ ಕೆಲಸಕ್ಕೆ ಹೊರಟಿದ್ದ ಅಮ್ಮಣ್ಣಿ ನೋಡಿದಳು.

"ಏನೇ ಗಾಳಿ ಗಂಗಿ, ಕಂಬ ಹೂತಂಗೆ ನಿಂತಿದೀಯ?"

"ಡಬ್ಬ ಇಲ್ವಲ್ಲ. ಅದ್ಕೇ ನಾನೇ ನಿಂತಿದೀನಿ."

ಅಮ್ಮಣ್ಣಿ ಹತ್ತು ಹೆಜ್ಜೆ ಹೋದವಳು ನಿಂತಳು. ಹಿಂದಿರುಗಿ ಗುಂಡಿಗೆ ಇಳಿದು, ಹಿತ್ತಾಳೆ ಬಿಂದಿಗೆ ಸೊಂಟಕ್ಕೇರಿಸಿಕೊಂಡು ಬಂದು ಅವಳ ಹಿಂದೆ ನಿಂತಳು. ನಾಲ್ಕು ತಿಂಗಳ ಮೇಲೆ ಒಬ್ಬರ ಉಸಿರು ಬೆನ್ನಿಗೆ ತಾಕಿ ಗಂಗಲಕ್ಷ್ಮಮ್ಮನ ಕಣ್ಣು ತುಂಬಿತು. ಆಮೇಲೆ ಮುನಿಆಂಜನಪ್ಪ ಬಂದ. ಮಡಕೆ, ತಪ್ಪಲೆ, ಬೋಗುಣಿ ಹಿಡಿದು ಒಬ್ಬೊಬ್ಬರಾಗಿ ಬಂದರು. ಚಾಂದ್ ಪಾಷಾನೂ ಬಂದ. ಅಂದಿನ ಕೂಲಿ ಬಿಟ್ಟು ನಿಂತ ಜನರ ಸಾಲು ಮಧ್ಯಾಹ್ನದ ಹೊತ್ತಿಗೆ ಬಂಗಲೆಯ ಗೇಟು ದಾಟಿ ದೊಡ್ಡ ರಸ್ತೆಯ ತಿರುವಿಗೆ ಮುಟ್ಟಿತು.

ಅರ್ಧ ದಿನದ ಆಫೀಸು ಮುಗಿಸಿ ಬಂದ ಶ್ರೀನಿವಾಸಮೂರ್ತಿಗಳಿಗೆ ಸ್ಕೂಟರ್ ಒಳಗೆ ತೆಗೆದುಕೊಂಡುಹೋಗಲು ದಾರಿ ಇರಲಿಲ್ಲ.

"ಏನಿದು ಗಲಾಟೆ?"

"ಗಲಾಟೆ ಎಲ್ಲೈತೆ ಸಾಮಿ?" ಎಂದಳು ಅಮ್ಮಣ್ಣಿ. "ಡಬ್ಬ ಬ್ಯಾಡ ಅಂದ್ರಿ. ಆಳೇ ಬಂದು ನಿಂತವ್ರೆ."

ಅವರ ಕಣ್ಣು ಸಾಲಿನ ತಲೆಯಲ್ಲಿದ್ದವಳ ಮೇಲೆ ಬಿತ್ತು. ಹುಬ್ಬು ಗಂಟಿಕ್ಕಿತು. "ನೀನು... ಪ್ರೆಸ್ಸಿನವಳಲ್ವೇನಮ್ಮ? ನಿನ್ನೆ ಅಷ್ಟೂ ಡಬ್ಬ ಒತ್ತಿದವಳು ನೀನೇ ಅಲ್ವಾ? ನೀನೇ ಬಂದು ಇಲ್ಲಿ ನಿಂತಿದೀಯಲ್ಲ, ನಾಚಿಕೆ ಆಗಲ್ವಾ?" ಎಂದು, ಸ್ಕೂಟರನ್ನು ಬೀದಿಯಲ್ಲೇ ಬಿಟ್ಟು ಫೋನ್ ಮಾಡಲು ಒಳಗೆ ಹೋದರು.

ಅಮ್ಮಣ್ಣಿಯ ಕೈ ಅವಳ ರಟ್ಟೆಗೆ ಬಿತ್ತು.

"ಹೌದೇನೇ?"

"ಹೂಂ."

"ನನ್ ಡಬ್ಬಾನೂ?"

"ಹೂಂ. ನಂದೂ."

ಹೊಡೆಯುತ್ತಾರೆಂದು ಅವಳು ಕಣ್ಣು ಮುಚ್ಚಿದಳು. ಚಾಂದ್ ಪಾಷಾ ಸಾಲು ಬಿಟ್ಟು ಹತ್ತಿರ ಬಂದ. ನಾಲ್ಕು ತಿಂಗಳಲ್ಲಿ ಅವಳೊಂದಿಗೆ ಅವನ ಮೊದಲ ಮಾತು ಅದು.

"ಅಂಚು ಮಡಚಿದ್ದೆ ನಾನು. ಒಂದೇ ಏಟಿಗೆ ಹೋಯ್ತಾ?"

"ಇಲ್ಲ ಪಾಷಣ್ಣ. ಒಂದೊಂದಕ್ಕೂ ಎರಡೆರಡು ಬೇಕಾಯ್ತು."

ಅವನು ತಲೆಯಾಡಿಸಿ ತನ್ನ ಜಾಗಕ್ಕೆ ಹೋಗಿ ನಿಂತ. ಅಮ್ಮಣ್ಣಿ ಮಾತ್ರ ರಟ್ಟೆ ಬಿಡಲಿಲ್ಲ. ಸಾಲಿನ ಉದ್ದಕ್ಕೂ ಎಲ್ಲರೆದುರು ಅವಳನ್ನು ದರದರನೆ ಎಳೆದೊಯ್ದು, ಕಟ್ಟಕಡೆಯವಳ ಬೆನ್ನ ಹಿಂದೆ, ದೊಡ್ಡ ರಸ್ತೆಯ ತಿರುವಿನಲ್ಲಿ ನಿಲ್ಲಿಸಿದಳು. "ಲೌಡಿ! ನಿನ್ ಜಾಗ ಇದು. ನಿಂತ್ಕೊ," ಎಂದು ಉಗಿದು ಮುಂದಕ್ಕೆ ಹೋದಳು.

ಗಂಗಲಕ್ಷ್ಮಮ್ಮ ನಿಂತಳು. ಬಿಸಿಲಿಗೆ ಅಂಗಾಲು ಸುಡುತ್ತಿತ್ತು. ಮನೆಗೆ ಹೋಗು ಎಂದು ಯಾರೂ ಹೇಳಿರಲಿಲ್ಲ, ಅಷ್ಟು ಸಾಕಾಗಿತ್ತು ಅವಳಿಗೆ. ಮುಂದಿನ ಹೆಂಗಸಿನ ಬೆನ್ನು ನೋಡುತ್ತ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನೀರು ಬರಲು ಇನ್ನೂ ಅರ್ಧ ಗಂಟೆ ಇದ್ದಾಗ ದೊಡ್ಡ ರಸ್ತೆಯಿಂದ ಪೊಲೀಸ್ ಜೀಪು ಬಂದು ತಿರುವಿನಲ್ಲಿ ನಿಂತಿತು. ಲಾಠಿ ಹಿಡಿದು ಇಳಿದವರಿಗೆ ಮೊದಲು ಸಿಕ್ಕವಳು ಅವಳೇ. ಮುಂದೆ ಸಾಲು ಅಲುಗಾಡಿತು. ಯಾರ ಕೈಯಿಂದಲೋ ಮಡಕೆ ಜಾರಿ ಒಡೆದ ಸದ್ದಾಯಿತು.

"ಏಯ್, ನಡಿಯೇ! ಜಾಗ ಖಾಲಿ ಮಾಡು."

ಅವಳು ಕದಲಲಿಲ್ಲ.

"ಹೇಳಿದ್ದು ಕೇಳಿಸ್ಲಿಲ್ವಾ? ಆ ಕಡೆ ಹೋಗಿ ಸಾಯಿ." ಪೇದೆ ಲಾಠಿ ಎತ್ತಿದ.

"ಆ ಕಡೆ ನಂಗೆ ಜಾಗ ಇಲ್ಲ ಸಾಮಿ," ಎಂದಳು ಗಂಗಲಕ್ಷ್ಮಮ್ಮ. "ನನ್ ಜಾಗ ಇದು."