ವೈನಿಯ ಕೆಳಗಿನ ಗೆರೆ

ಮತ್ತೆ ನೀಲಿ — ಲಕ್ಷ್ಮೇಶ್ವರದ ಬಸ್ಸಿಗೆ ಕಾಯುತ್ತ ಗದಗಿನ ನಿಲ್ದಾಣದಲ್ಲಿ ಕೂತ ಜಾಹ್ನವಿ ಮೊಬೈಲನ್ನು ಕಣ್ಣಿನ ಹತ್ತಿರ ತಂದಳು, ಹೌದು, ಅಳಿಸಿ ಬರೆದರೂ ನೀಲಿಯೇ, ನಾಯಿ ಬಾಲ ಡೊಂಕು, ‘ವೈನಿ’ ಎಂಬ ಆ ಒಂದೇ ಶಬ್ದದ ಕೆಳಗೆ ಈ ಹಾಳು ಚರ್ಚಾತಾಣ ತಾನಾಗಿಯೇ ಗೆರೆ ಎಳೆದುಬಿಡುತ್ತದೆ, ಬೆರಳು ತಾಗಿದರೆ ಸಾಕು, ಯಾವುದೋ ವೈನ್ ಅಂಗಡಿ ತೆರೆದುಕೊಳ್ಳುತ್ತದೆ, ಬಾಟಲಿಗಳ ಸಾಲು, ಎರಡು ಕೊಂಡರೆ ಒಂದು ಪುಕ್ಕಟೆ — ಏಕಾದಶಿಗೆ ನೀರೂ ಮುಟ್ಟದ ಹೆಂಗಸಿಗೆ ಇದೆಂಥ ಗತಿ! ವೈನಿ ಅಂದರೆ ಅಣ್ಣ ರಘೂತ್ತಮನ ಹೆಂಡತಿ, ತಾಯಿಯಿಲ್ಲದ ಜಾಹ್ನವಿಗೆ ಜಡೆ ಹಾಕಿ ಬೆಳೆಸಿದವಳು, ಲಕ್ಷ್ಮೇಶ್ವರದ ಅರ್ಧ ಊರಿಗೆ ಅಕ್ಷರ ಕಲಿಸಿದ ಭಾಗೀರಥಿಬಾಯಿ ಅಕ್ಕೋರು, ಹೋದ ತಿಂಗಳು ಹೋಗಿಯೇಬಿಟ್ಟಳು, ಹಳೆಯ ವಿದ್ಯಾರ್ಥಿಗಳ ತಾಣದಲ್ಲಿ ಆಕೆಯ ನೆನಪು ಬರೆಯಿರಿ ಅಂದರು, ಅಳುತ್ತಲೇ ಬರೆದಳು, ಇವತ್ತು ಸಂಜೆ ಶ್ರದ್ಧಾಂಜಲಿ ಸಭೆಯಲ್ಲಿ ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಅದನ್ನೇ ತೋರಿಸುತ್ತಾರೆ, ಎಲ್ಲರೆದುರು ಈ ಗೆರೆಯೂ ಮೆರೆಯುತ್ತದೆ, ಕೆಳಗೆ ಆಗಲೇ ಯಾವನೋ ಹಲ್ಲು ಕಿಸಿದಿದ್ದಾನೆ, ವೈನಿ ನೆನಪು ಬಾಳ ನಶಾ ಏರಸತೈತಿ ಬಿಡ್ರಿ — ಏರಲಿ, ಸಂಜೆಯೊಳಗೆ ಇಳಿಸಿಯೇ ಇಳಿಸುತ್ತೇನೆ. ತಾಣ ನೋಡಿಕೊಳ್ಳುವ ವಸೀಮ, ಅವನೂ ವೈನಿಯ ಕೈಯಲ್ಲಿ ಅ ಆ ತಿದ್ದಿದವನೇ, ಫೋನಿನಲ್ಲಿ ಪಾಪ ಒದ್ದಾಡಿದ, ಅದು ತಾನ ಲಿಂಕ್ ಮಾಡತೈತ್ರಿ ಅಕ್ಕಾರ, ಜಾಹೀರಾತಿನವ್ರು ಕುಂಡ್ರಿಸ್ಯಾರ, ತಗ್ಯಾಕ ಬರಂಗಿಲ್ಲ, ನೀವು ಅತ್ತಿಗಿ ಅಂತ ಬರೀರಿ, ಜಲ್ದಿ ಮುಗೀತೈತಿ — ಮುಗಿಯುತ್ತದೆ, ಖರೆ, ಆದರೆ ಅತ್ತಿಗೆ ಅಂದರೆ ಯಾರು? ಆಕೆಯನ್ನು ಜಾಹ್ನವಿ ಕಂಡೇ ಇಲ್ಲ, ಶಾಲೆಯಿಂದ ಓಡಿಬಂದು ಹೊಸಿಲಲ್ಲೇ ಪಾಟಿಚೀಲ ಒಗೆದು ವೈನೀ, ಹಸಿವ್ಯಾಗೇದ ಅಂತ ಕೂಗಿದ್ದು ಯಾವ ಅತ್ತಿಗೆಯನ್ನೂ ಅಲ್ಲ. ವೈ ಒಂದು ಕಡೆ, ನಿ ಒಂದು ಕಡೆ ಒಡೆದು ನೋಡಿದಳು, ಗೆರೆ ಹೋಯಿತು, ಶಬ್ದ ಹಲ್ಲು ಬಿದ್ದ ಬಾಯಿಯಂತಾಯಿತು, ಛೆ — ಜಾನೂ, ಶಬ್ದಾ ಮುರದು ಓದಬಾರದು, ಬೆರಳಿಡು, ಇಲ್ಲೆ, ಹೂಂ, ಓದು — ಅಣ್ಣನ ಧೋತರ ನೀಲಿಯಲ್ಲಿ ಅದ್ದಿ ಒಣಹಾಕಿ ಬಂದ ವೈನಿಯ ಬೆರಳು, ಇನ್ನೂ ಒದ್ದೆ, ಸಾಲಿನ ಕೆಳಗೆ ಮೆಲ್ಲಗೆ ಜರುಗುತ್ತದೆ, ಪುಸ್ತಕದ ತುಂಬ ಅದರ ನೀಲಿ ಕಲೆ, ಮಾಸ್ತರರು ಬೈದರೂ ಹೋಗದ ಕಲೆ.

ಕೈಯಿಂದ ಬರೆದರೆ? ಬರೆದು ಫೋಟೊ ತೆಗೆದರೆ ಅದರೊಳಗೆ ಯಾವನು ಬಂದು ಗೆರೆ ಎಳೆಯುತ್ತಾನೆ — ಚೀಲದಲ್ಲಿ ಹಾಳೆ ಇತ್ತು, ಪೆನ್ನು ಇತ್ತು, ಶಾಯಿ ಕಾರುತ್ತಿತ್ತು, ಕಾರಲಿ, ಬಸ್ಸು ಬಂದರೆ ಬರಲಿ, ಮತ್ತೊಂದು ಇದೆ, ತೊಡೆಯ ಮೇಲಿಟ್ಟು ಮೊದಲಿನಿಂದ ಬರೆದಳು, ನಮ್ಮ ವೈನಿ, ನಮ್ಮ ವೈನಿ, ಎಷ್ಟು ಸಲ ಬೇಕೋ ಅಷ್ಟು ಸಲ, ಈ ಊರಿನ ಗಾಳಿಗೆ ಹಾಳೆ ಪಟಪಟ ಬಡಿಯಿತು, ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದರಲ್ಲಿ ಫೋಟೊ ತೆಗೆದು ತಾಣಕ್ಕೆ ಏರಿಸಿದಳು, ತೆರೆದು ನೋಡಿದಳು, ಗೆರೆ ಇಲ್ಲ, ಗೆದ್ದೆ — ಆದರೆ ಇದೇನು, ಮೊದಲ ಸಾಲಿನಲ್ಲಿ, ವೈನಿಯ ಕೆಳಗೆ, ಒತ್ತಿ ಹಿಡಿದ ಅವಳದೇ ಬೆರಳು ಬಂದುಬಿಟ್ಟಿದೆ, ಶಾಯಿ ಅಂಟಿದ್ದು, ಕತ್ತರಿಸಿ ತೆಗೆಯಲೆ, ಬ್ಯಾಡ, ಇರಲಿ — ಇಲ್ಲೆ, ಹೂಂ, ಓದು — ನೀಲಿ ಬೆರಳು —