ಸಿಡೋನಿಯ ಮನೆಗೆ ನಲ್ಲಿ ಬಂದದ್ದು

ಸಿಡೋನಿ ಪಾಂತೆಲ್ ಬರಿಗೈಯಲ್ಲಿ ನಡೆಯುವಾಗಲೂ ಎರಡು ತೋಳುಗಳನ್ನು ಮೈಯಿಂದ ಗೇಣುದೂರ ಹಿಡಿದುಕೊಂಡೇ ನಡೆಯುತ್ತಿದ್ದಳು. ಮೊದಲ ಸಲ ಕಂಡವರು, ಈಕೆ ಯಾರ ಮೇಲೋ ಕುಸ್ತಿಗೆ ಹೊರಟಿದ್ದಾಳೆಂದು ಹೆದರಿ ದಾರಿ ಬಿಡಬೇಕು, ಹಾಗೆ. ಕಾಸ್ತನೆಡ್ ಕೊಪ್ಪಲಿನವರಾದ ನಮಗೆ ಆ ನಡಿಗೆಯ ಮರ್ಮ ಗೊತ್ತಿತ್ತು. ಮದುವೆಯಾಗಿ ಬಂದ ಮಾರನೆಯ ದಿನದಿಂದ ಆಕೆ ಗುಡ್ಡದ ಕೆಳಗಿನ ಒರತೆಯಿಂದ ಎರಡು ತಗಡಿನ ಬಕೆಟ್ಟುಗಳಲ್ಲಿ ಮನೆಗೆ ನೀರು ಹೊತ್ತವಳು. ಬಕೆಟ್ಟುಗಳು ಮೊಣಕಾಲಿಗೆ ಬಡಿದು ತುಳುಕದಿರಲೆಂದು ಅವುಗಳ ನಡುವೆ ದೊಡ್ಡದೊಂದು ಮರದ ಬಳೆಯನ್ನಿಟ್ಟು, ಆ ಬಳೆಯೊಳಗೆ ತಾನು ನಿಂತು, ಸೆವೆನ್ ಎಂಬ ನಮ್ಮ ಬೆಟ್ಟಸೀಮೆಯ ಕಲ್ಲುಮೆಟ್ಟಿಲುಗಳನ್ನು ಚಳಿ, ಬಿಸಿಲು, ಬಸಿರು, ಬಾಣಂತನ ಯಾವುದನ್ನೂ ಲೆಕ್ಕಿಸದೆ ಹತ್ತಿದವಳು. ಬಳೆಯನ್ನು ಗೋಡೆಗೆ ನೇತುಹಾಕಿದ ಮೇಲೂ ಅದರ ವೃತ್ತ ಆಕೆಯ ಸುತ್ತಲೇ ಉಳಿದುಬಿಡುತ್ತಿತ್ತು.

ಮೈಮೇಲೆ ಸದಾ ಗಂಡನ ಹಳೆಯ ಕೋಟು. ಅದರ ಒಂದು ಜೇಬಿನಲ್ಲಿ ಮಡಿಸುವ ಚಾಕು, ಇನ್ನೊಂದರಲ್ಲಿ ಆಡುಗಳಿಗೆಂದು ಹರಳುಪ್ಪು. ಬಾಯಲ್ಲಿ ಸದಾ ಒಂದೇ ಮಾತು: "ಆಯ್ತು, ಮುಂದೆ?" ಯಾರಿಗೋ ಹೆರಿಗೆಯಾಯಿತೆಂದರೂ ಅದೇ, ಯಾರದೋ ಕೊಟ್ಟಿಗೆ ಸುಟ್ಟುಹೋಯಿತೆಂದರೂ ಅದೇ. ಒಂದು ಭಾನುವಾರ ಪಾದ್ರಿಗಳು ಪ್ರವಚನದ ಭರದಲ್ಲಿದ್ದಾಗ ಉಪ್ಪಿನ ವಾಸನೆ ಹಿಡಿದ ಆಡೊಂದು ಪ್ರಾರ್ಥನಾಮಂದಿರದೊಳಕ್ಕೇ ನುಗ್ಗಿ ಆಕೆಯ ಜೇಬಿಗೆ ಮೂತಿ ಹಾಕಿತು. ಪಾದ್ರಿಗಳು ಮಾತು ನಿಲ್ಲಿಸಿದರು. ಸಿಡೋನಿ ತಲೆಯೆತ್ತಿ "ಆಯ್ತು, ಮುಂದೆ?" ಅಂದಳು. ಅಂದದ್ದು ಪಾದ್ರಿಗೋ ಆಡಿಗೋ, ಇವತ್ತಿಗೂ ನಮ್ಮಲ್ಲಿ ತೀರ್ಮಾನವಾಗಿಲ್ಲ.

ಅವಳ ಗಂಡ ಅಬೆಲ್ ಇದಕ್ಕೆ ತದ್ವಿರುದ್ಧ. ಮಾತಿನ ಮಲ್ಲ, ಕೆಲಸಕ್ಕೆ ಮಂದ, ಆದರೆ ಇಡೀ ಕಣಿವೆಯನ್ನು ನಗಿಸುವ ಜೀವ. ಕೆಳಗಿನ ರಸ್ತೆಯವರೆಗೆ ಪುರಸಭೆಯ ನೀರಿನ ಕೊಳವೆಯೂ ಕೊಳಚೆಯ ಕೊಳವೆಯೂ ಬಂದು, ಕೊಪ್ಪಲಿನ ಉಳಿದ ಮನೆಗಳವರೆಲ್ಲ ನಲ್ಲಿ ತಿರುಗಿಸಿ ಬೀಗುತ್ತಿದ್ದಾಗ, ಅಬೆಲ್ ಮಾತ್ರ "ಬರೋ ವರ್ಷ ನೋಡೋಣ" ಎನ್ನುತ್ತಲೇ ಕಾಲ ಕಳೆದ. ಸಿಡೋನಿ ನೀರು ಹೊರುತ್ತಲೇ ಹೋದಳು. ಹೀಗಿರುವಾಗ ಅಬೆಲನ ಮೂತ್ರಪಿಂಡಗಳೆರಡೂ ಕೈಕೊಟ್ಟವು. ವಾರಕ್ಕೆ ಮೂರು ಸಲ ಬೆಟ್ಟದ ತಿರುವುಗಳನ್ನಿಳಿದು ಅಲೆಸ್ ಪಟ್ಟಣಕ್ಕೆ ಹೋಗಬೇಕು, ಅಲ್ಲಿ ಯಂತ್ರ ರಕ್ತ ಶುದ್ಧಿ ಮಾಡುವವರೆಗೆ ಅರ್ಧ ದಿನ ಬಿದ್ದುಕೊಂಡಿರಬೇಕು, ಮತ್ತೆ ಅದೇ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತ ಹತ್ತಿ ಬರಬೇಕು. ಪಟ್ಟಣದಲ್ಲೇ ಕೋಣೆ ಹಿಡಿಯಿರಿ ಎಂದವರಿಗೆ ಅಬೆಲ್ ಆಗದೆಂದು ಕೈಯಾಡಿಸಿ ಮನೆಯ ಕಡೆಗೇ ಕಾರು ಹತ್ತುತ್ತಿದ್ದ. ಒಂದು ಮಧ್ಯಾಹ್ನ ಕಾರಿನಿಂದಿಳಿದು ಜಗಲಿಯ ಮೇಲೆ ಕುಸಿದು ಕೂತವನು ಹೆಂಡತಿಗೆ ಹೇಳಿದ:

"ಈ ಸಲದ ಚೆಸ್ಟ್‌ನಟ್ಟು ಉದುರೋದು ಮುಗೀಲಿ ಕಣೇ. ಆಮೇಲೆ ನಾನು ಆ ಕಾರು ಹತ್ತಲ್ಲ."

"ಹತ್ತದೆ?"

"ಇಲ್ಲೇ ಇರ್ತೀನಿ. ಎಷ್ಟು ದಿನ ಆಗುತ್ತೋ ಅಷ್ಟು ದಿನ."

ಆ ದಿನ ಸಿಡೋನಿ "ಮುಂದೆ?" ಎಂದು ಕೇಳಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ನೇರ ಆಸ್ಪತ್ರೆಗೆ ಹೋಗಿ ವೈದ್ಯರ ಎದುರು ಕೂತಳು. ಅವರು ಹೇಳಿದರು: "ಯಂತ್ರ ಮನೇಲೇ ಇಡಬಹುದಮ್ಮ, ನೀವು ಸೂಜಿ ಹಾಕೋದು ಕಲಿಯೋದಾದ್ರೆ. ಆದ್ರೆ ಬಕೆಟ್ಟಿನ ನೀರಿಗೆ ಅದು ನಡೆಯಲ್ಲ. ಎಡೆಬಿಡದೆ ಬರೋ ನಲ್ಲಿ ನೀರು ಬೇಕು, ಬಳಸಿದ್ದು ಹರಿದುಹೋಗೋಕೆ ಚರಂಡಿ ಬೇಕು." ಆಡಿನ ಕೆಚ್ಚಲು ಬಿಟ್ಟರೆ ಬೇರೆ ನಾಜೂಕಿನ ವಸ್ತು ಮುಟ್ಟದ ಆ ಒರಟು ಬೆರಳುಗಳು ಸೂಜಿ ಹಾಕುವುದನ್ನು ಕಲಿತವು. ಉಳಿದದ್ದು ನೀರು, ಮತ್ತು ಚರಂಡಿ.

ಕೊಳವೆ ಹಾಕುವ ಗುತ್ತಿಗೆಯವನು ಮಜೋರಿಕ್, ಹೊಟ್ಟೆ ಮುಂದು ಮಾಡಿಕೊಂಡು ಬರುವ ಹಸನ್ಮುಖಿ. ಮನೆಯ ಸುತ್ತ ಒಂದು ಸುತ್ತು ಹಾಕಿ ಬಂದವನು ನಿಟ್ಟುಸಿರುಬಿಟ್ಟ. "ನೀರೇನೋ ತರ್ತೀನಿ ಮದಾಮ್, ಒತ್ತಡ ಇದೆ, ಹತ್ತು ಅಂದ್ರೆ ಹತ್ತುತ್ತೆ. ಕೊಳಚೆಗೆ ಆ ಬುದ್ಧಿ ಇಲ್ಲ ನೋಡಿ, ಇಳಿಯೋದೊಂದೇ ಗೊತ್ತು ಅದಕ್ಕೆ. ಎಡಕ್ಕೂ ಬಂಡೆ, ಬಲಕ್ಕೂ ಬಂಡೆ. ಇರೋದು ಆ ಈರುಳ್ಳಿ ಪಾತಿ ಒಂದೇ."

ಆ ಪಾತಿಯಲ್ಲಿ ಪಾಂತೆಲ್ ಮನೆತನದ ಸತ್ತವರು ಮಲಗಿದ್ದರು. ನಮ್ಮ ಪ್ರೊಟೆಸ್ಟೆಂಟ್ ಮತ ರಾಜಾಜ್ಞೆಯಿಂದ ನಿಷಿದ್ಧವಾಗಿದ್ದ ಹಿಂದಿನ ಕಾಲದಲ್ಲಿ ಊರ ಸ್ಮಶಾನ ನಮ್ಮವರಿಗೆ ಮುಚ್ಚಿತ್ತು. ಹೆಣವನ್ನು ಗುಟ್ಟಾಗಿ ಸ್ವಂತ ಹೊಲದಲ್ಲಿ ಹೂಳಿ, ಗುರುತು ಸಿಗದ ಹಾಗೆ ಮೇಲೆ ಬಿತ್ತನೆ ಮಾಡಿಬಿಡುತ್ತಿದ್ದರು. ನಿಷೇಧ ಹೋದರೂ ಅಭ್ಯಾಸ ಹೋಗಲಿಲ್ಲ. ಇಂದಿಗೂ ಸಮಾಧಿಗೆ ಕಲ್ಲು ನಿಲ್ಲಿಸುವುದೆಂದರೆ ನಮ್ಮವರಿಗೆ ಬಡಾಯಿ. ಒಂದು ಸೈಪ್ರೆಸ್ ಮರ ನೆಟ್ಟರೆ ಮುಗಿಯಿತು. ಯಾರು ಎಲ್ಲಿದ್ದಾರೆಂಬುದನ್ನು ಅತ್ತೆಯಾದವಳು ಕಳೆ ಕೀಳುವಾಗ ಸೊಸೆಗೆ ಹೇಳಿಕೊಡುತ್ತಾಳೆ: ಇಲ್ಲಿ ಗುದ್ದಲಿ ಹಾಕಬೇಡ, ಬಳಸಿ ಹೋಗು. ಸಿಡೋನಿಯೂ ಹಾಗೆಯೇ ಕಲಿತಿದ್ದಳು.

ಸುದ್ದಿ ಕೇಳಿದ ಅಬೆಲನ ಅಕ್ಕ ನೊಯೆಮಿ ಊರುಗೋಲು ಕುಟ್ಟಿಕೊಂಡು ಬಂದಳು. "ಏನೇ, ನಮ್ಮಪ್ಪನ ಎದೆ ಮೇಲೆ ನಿಮ್ಮ ಕಕ್ಕಸಿನ ನೀರು ಹರಿಸ್ತೀಯಾ? ನಿನಗೇನಮ್ಮ, ಬಂದವಳು ನೀನು!"

"ಬಂದವಳೇ. ಬಂದಾಗಿಂದ ನಿಮ್ಮಪ್ಪನ ಮೇಲೆ ಒಂದು ಸಲ ಗುದ್ದಲಿ ಹಾಕಿದೀನಾ, ಹೇಳು. ಕೊಳವೇನೂ ಬಳಸಿಕೊಂಡೇ ಹೋಗುತ್ತೆ."

ಮಜೋರಿಕ್ ತಲೆ ಕೆರೆದುಕೊಂಡ. "ಬಳಸಬಹುದು. ಆದ್ರೆ ತಿರುಗಿದ ಕಡೆಯೆಲ್ಲ ಒಂದೊಂದು ನೋಟ ಇಡಲೇಬೇಕಾಗುತ್ತೆ. ಅಪ್ಪನ ಹತ್ರ ಒಂದು, ಅಮ್ಮನ ಹತ್ರ ಒಂದು, ತಾತನ ಹತ್ರ ಒಂದು."

ಕೊಳವೆ ತಿರುಗುವಲ್ಲಿ ಕಸ ಕಟ್ಟಿಕೊಂಡರೆ ಬಗ್ಗಿ ನೋಡಲೆಂದು ಹೂಳುವ ಮುಚ್ಚಳದ ಗುಂಡಿಗೆ ನಮ್ಮ ಭಾಷೆಯಲ್ಲಿ ಇರುವ ಹೆಸರೇ ಅದು, ನೋಟ. ಕೊಳವೆಯವರ ಈ ಮಾತು ನೊಯೆಮಿಗೆಲ್ಲಿ ಗೊತ್ತು? ಕೆಲಸದವರು ಒಬ್ಬೊಬ್ಬ ಹಿರಿಯರ ಬಳಿಯೂ ಟೋಪಿ ತೆಗೆದು, ನಿಂತು, ಒಂದು ನೋಟ ನೋಡಿ ಮುಂದೆ ಹೋಗುತ್ತಾರೆಂದು ತಿಳಿದು ಮುದುಕಿ ಊರುಗೋಲನ್ನು ಗೋಡೆಗೊರಗಿಸಿದಳು. "ಅಷ್ಟು ಮರ್ಯಾದೆ ಇಟ್ಕೊಂಡು ಮಾಡೋದಾದ್ರೆ ಮಾಡಿ" ಅಂದುಬಿಟ್ಟಳು. ಒಳಗೆ ಹಾಸಿಗೆಯ ಮೇಲಿದ್ದ ಅಬೆಲ್ ಕೆಮ್ಮು ಬರುವವರೆಗೆ ನಕ್ಕ: "ಬದುಕಿದ್ದಾಗ ನಮ್ಮಪ್ಪನ ಕಡೆ ಒಂದು ನಾಯೀನೂ ತಿರುಗಿ ನೋಡ್ಲಿಲ್ಲ. ಈಗ ನೋಡು, ನೋಟಕ್ಕೆ ಕಬ್ಬಿಣದ ಮುಚ್ಚಳ ಬೇರೆ!" ನಿಜ ತಿಳಿದಾಗ ನೊಯೆಮಿ ಒಂದು ವಾರ ಮುಖ ಊದಿಸಿಕೊಂಡಿದ್ದಳು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳೂ ಪಾಂತೆಲ್ ಮನೆಯ ಮಗಳೇ ತಾನೆ.

ಪಾತಿಯೊಳಗೆ ಅಗೆಯುವ ಯಂತ್ರ ಕಾಲಿಡಕೂಡದೆಂದು ಸಿಡೋನಿಯ ಕಟ್ಟಪ್ಪಣೆ. ತಾನೇ ಅಗೆಯತೊಡಗಿದಳು. ಅಬ್ಬಾ, ಆ ಅಗೆತವನ್ನು ನೋಡಬೇಕಿತ್ತು! ಅವಸರವಿಲ್ಲ, ಏದುಸಿರಿಲ್ಲ, ಮಲಗಿದ ಮಗುವಿನ ಹೊದಿಕೆ ಸರಿಸುವ ಹಾಗೆ ಮಣ್ಣು ಸರಿಸುತ್ತ, ಮಾವನನ್ನು ಬಳಸಿ, ಅತ್ತೆಯನ್ನು ಬಳಸಿ, ಆಕೆ ಇಳಿಯುತ್ತಿದ್ದರೆ, ಬೇಲಿಯಾಚೆ ನಿಂತ ಗಂಡಸರು ಸಹಾಯಕ್ಕೆ ಬರುತ್ತೇವೆನ್ನಲು ಕೂಡ ಹಿಂಜರಿಯುತ್ತಿದ್ದರು. ಮೇಲಿನ ಕಾಡಿನಲ್ಲಿ ಚೆಸ್ಟ್‌ನಟ್ಟುಗಳು ಟಪಟಪನೆ ಉದುರತೊಡಗಿದ್ದವು. ಅಬೆಲನ ಗಡುವಿನ ಆ ಸದ್ದು ಆಕೆಗೆ ಹೇಗೆ ಕೇಳಿಸುತ್ತಿತ್ತೋ.

ಪಾತಿಯ ಕೊನೆಯ ತುದಿ ತಲುಪಿದಾಗ, ಅತ್ತೆ ಎಂದೂ ಬಳಸಿ ಹೋಗೆನ್ನದ ಜಾಗದಲ್ಲಿ, ಪ್ರತಿವರ್ಷ ಆಕೆಯೇ ಈರುಳ್ಳಿ ನೆಟ್ಟಿದ್ದ ಜಾಗದಲ್ಲಿ, ಮೂಳೆಗಳು ಕಂಡವು. ಜೊತೆಗೆ ಸವೆದುಹೋದ ಒಂದು ಬೂಟಿನ ಬಕಲು. ನಿಷೇಧದ ಕಾಲದ ಯಾವನೋ ಪಾಂತೆಲ್. ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದರೆಂದರೆ ಸ್ವಂತದವರೇ ಮರೆತುಬಿಟ್ಟಿದ್ದರು.

ಮಜೋರಿಕ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಮದಾಮ್, ನನ್ನ ಕನ್ನಡಕ ಗಾಡೀಲಿದೆ. ನಾನೇನೂ ನೋಡಿಲ್ಲ."

"ನಾನು ನೋಡಿದೀನಲ್ಲ."

"ಹೇಳಿದ್ರೆ ಕೆಲಸ ನಿಲ್ಲಿಸ್ತಾರೆ. ಅಬೆಲ್ ಕಥೆ ಏನು?"

"ಗೊತ್ತು" ಅಂದಳು. ಮೂಳೆಗಳ ಮೇಲೆ ತನ್ನ ಕೋಟು ಹೊದಿಸಿ, ಆ ಚಳಿಯಲ್ಲಿ ಬರೀ ಅಂಗಿಯಲ್ಲೇ ನಡೆದುಹೋಗಿ ಮೇಯರರ ಕಚೇರಿಯಲ್ಲಿ ವಿಷಯ ತಿಳಿಸಿದಳು. ಕೆಲಸ ನಿಂತಿತು. ಅಧಿಕಾರಿಗಳು ಬಂದರು, ಅಳೆದರು, ಹೋದರು. ಕೊನೆಗೆ ಬಂದ ಉತ್ತರ ಇಷ್ಟು: ಬಹಳ ಹಳೆಯ ಮೂಳೆ, ಮನೆಯವರು ಬೇರೆಡೆ ಗೌರವದಿಂದ ಹೂಳಬಹುದು. ಅಷ್ಟರಲ್ಲಿ ಕಾಡಿನಲ್ಲಿ ಚೆಸ್ಟ್‌ನಟ್ಟು ಉದುರುವ ಸದ್ದು ವಿರಳವಾಗಿತ್ತು.

ಆದರೆ ಬೇರೆಡೆ ಅಂದರೆ ಎಲ್ಲಿ? ಆ ತುದಿಯಲ್ಲಿ ಕೊಳವೆ ಬಳಸಿ ಹೋಗಲು ಎಡೆಯಿಲ್ಲ, ಎರಡು ಕಡೆಯೂ ಬಂಡೆ. ಆಳವಾದ ಮಣ್ಣು ಉಳಿದಿದ್ದುದು ಸೈಪ್ರೆಸ್ ಮರದ ಬುಡದಲ್ಲಿ, ಇಬ್ಬರಿಗಾಗುವಷ್ಟು ಮಾತ್ರ: ಒಂದು ಅಬೆಲನಿಗೆಂದು, ಅದರ ಪಕ್ಕದ್ದು ಸಿಡೋನಿಗೆಂದು ಮದುವೆಯಾದಂದಿನಿಂದ ಬಿಟ್ಟಿದ್ದ ಜಾಗ.

"ಕೆಳಗಿನ ಊರಿನ ಸ್ಮಶಾನಕ್ಕೆ ಕಳಿಸಿಬಿಡೋಣ" ಎಂದಳು ನೊಯೆಮಿ.

"ಇಷ್ಟು ಕಾಲ ಈ ಮನೆ ಮಣ್ಣಲ್ಲಿದ್ದವನನ್ನ ಈಗ ಆಚೆ ಹಾಕೋದಾ? ನನ್ನ ಜಾಗ ಇದೆಯಲ್ಲ, ಅವನಿಗೆ ಕೊಡಿ."

ಅಬೆಲ್ ಹಾಸಿಗೆಯಿಂದೆದ್ದು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದ. "ಹುಚ್ಚೀ, ಹೆಸರು ದೆಸೆ ಗೊತ್ತಿಲ್ಲದ ಮುದುಕನನ್ನ ನನ್ನ ಪಕ್ಕ ಮಲಗಿಸಿ ನೀನೆಲ್ಲಿಗೆ ಹೋಗ್ತೀಯ?"

"ಕೆಳಗಿನ ಊರಲ್ಲಿ ಸ್ಮಶಾನ ಇದೆ. ಎಲ್ಲಾದ್ರೂ ಆಗುತ್ತೆ."

"ನನ್ನ ಪಕ್ಕ ಬೇಡವೇನೇ ನಿನಗೆ?"

"ಬೇಕು. ಈಗ ಬೇಕು. ನೀನು ಉಸಿರಾಡ್ತಿರೋವಾಗ ಬೇಕು."

ಮಾತಿನ ಮಲ್ಲ ಅಬೆಲ್ ಬಾಗಿಲ ಚೌಕಟ್ಟಿಗೆ ಹಣೆಯಿಟ್ಟು ಅತ್ತದ್ದನ್ನು ಅಂದು ಅಂಗಳದಲ್ಲಿದ್ದವರೆಲ್ಲ ನೋಡಿದರು, ನೋಡಿ ನೆಲ ನೋಡಿದರು. ಮರುದಿನ ಪಾದ್ರಿಗಳು ಬಂದು ಬೈಬಲ್ ಓದಿದರು. ಹೆಸರಿಲ್ಲದ ಆ ಹಿರಿಯನನ್ನು ಸಿಡೋನಿ ತನ್ನ ಕೈಯಾರೆ ತನ್ನ ಜಾಗದಲ್ಲಿ ಮಲಗಿಸಿದಳು. ಕೊಳವೆ ಇಳಿದು ರಸ್ತೆಯನ್ನು ಸೇರಿತು, ನೀರು ಹತ್ತಿ ಅಡುಗೆಮನೆಗೆ ಬಂತು, ಕಿಟಕಿಯ ಪಕ್ಕ ಯಂತ್ರ ಗುಂಯ್‌ಗುಡತೊಡಗಿತು. ಅಬೆಲ್ ಆಮೇಲೆ ಹಲವು ಚಳಿಗಾಲಗಳನ್ನು ಕಂಡ, ಯಂತ್ರಕ್ಕೆ ತನ್ನ ಅತ್ತೆಯ ಹೆಸರಿಟ್ಟು ಬೈದ, ಕಣಿವೆಯನ್ನು ನಗಿಸಿದ.

ಜಗತ್ತಿನ ಮಹಾಕಾರ್ಯಗಳೆಲ್ಲ ಕಾಣುವಂತೆ ನಡೆಯುತ್ತವೆಂದು ನಂಬಿದವರು ಸಿಡೋನಿಯಂಥವರನ್ನು ಕಂಡಿರುವುದಿಲ್ಲ. ಇವರಿಗೆ ಪ್ರೀತಿಯೆಂಬ ಶಬ್ದವನ್ನು ಬಾಯಲ್ಲಿ ಆಡುವುದೇ ನಾಚಿಕೆ. ತ್ಯಾಗವೆಂದರೆ ಯಾರದೋ ದೊಡ್ಡವರ ಸಮಾಚಾರ. ಬದುಕಿರುವವನೊಬ್ಬನ ಉಸಿರಿಗಾಗಿ ತಾವು ಸತ್ತ ಮೇಲೆ ಸೇರಬೇಕಾದ ಮಣ್ಣನ್ನೂ ಬಿಟ್ಟುಕೊಡುತ್ತಾರೆ, ಸತ್ತವನೊಬ್ಬನ ಮರ್ಯಾದೆಗಾಗಿ ಆ ಉಸಿರನ್ನೂ ಪಣಕ್ಕಿಡುತ್ತಾರೆ, ಎರಡನ್ನೂ ಒಂದೇ ನಿಷ್ಠೆಯಿಂದ ನಡೆಸಿ ಕೈ ಕೊಡವಿಕೊಂಡು ಏಳುತ್ತಾರೆ. ಏನು ಮಾಡಿದಿರಿ ಎಂದು ಕೇಳಿದರೆ, ಒಂದು ಚರಂಡಿ ತೋಡಿದೆವು ಅನ್ನುತ್ತಾರೆ.